ಕುಲುಮೆಯ ಪಕ್ಕದ ಕೋಣೆ: ಟಾಮ್ ಶೋಲ್ಜ್ ಕಟ್ಟಿದ ನಾದ

(ಸಂಗೀತಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಹಾಡುಗಳನ್ನು ಕೇಳಿಸಿದ ಕಡೆಗಳಲ್ಲಿ ಇಲ್ಲಿ ಅವುಗಳ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಹಾಡಿನ ಆರಂಭವನ್ನಷ್ಟೇ ಕೇಳೋಣ. ಮೌನದೊಳಗಿಂದ ಹನ್ನೆರಡು ತಂತಿಯ ಗಿಟಾರ್ ಮೆಲ್ಲಗೆ ಹತ್ತಿರವಾಗುತ್ತದೆ. ದೂರದ ಮನೆಯಲ್ಲಿ ಯಾರೋ ನುಡಿಸುತ್ತಿದ್ದಾರೆ, ನಾವು ನಡೆದು ಆ ಮನೆಯ ಬಾಗಿಲಿಗೆ ಬಂದೆವು ಎನ್ನುವ ಹಾಗೆ. ಆಮೇಲೆ ಬೇಸ್ ಸೇರುತ್ತದೆ, ಡ್ರಮ್ ಸೇರುತ್ತದೆ, ಒಂದು ತಿಳಿಯಾದ ಗಂಡು ದನಿ ಬರುತ್ತದೆ. ಪಲ್ಲವಿ ಬರುವ ಹೊತ್ತಿಗೆ ಗೋಡೆಯಷ್ಟು ದೊಡ್ಡ ಗಿಟಾರ್ ನಾದ ಎದುರು ನಿಂತಿರುತ್ತದೆ.

ಇದು ಅಮೆರಿಕದ ಬಾಸ್ಟನ್ ಎಂಬ ತಂಡದ 'ಮೋರ್ ದ್ಯಾನ್ ಎ ಫೀಲಿಂಗ್'. 1976ರ ಹಾಡು. ಇಲ್ಲಿ ಕೇಳಿಸುವ ಗಿಟಾರ್‌ಗಳನ್ನು ನುಡಿಸಿದವರು, ಹಾಡು ಬರೆದವರು, ಧ್ವನಿಮುದ್ರಣ ಮಾಡಿದವರು ಒಬ್ಬರೇ: ಟಾಮ್ ಶೋಲ್ಜ್. ಆಗ ಅವರು ಪೋಲರಾಯ್ಡ್ ಕ್ಯಾಮೆರಾ ಕಂಪನಿಯಲ್ಲಿ ಹಗಲು ಕೆಲಸ ಮಾಡುತ್ತಿದ್ದ ಮೆಕ್ಯಾನಿಕಲ್ ಎಂಜಿನಿಯರ್. ಮುದ್ರಣ ನಡೆದದ್ದು ಮ್ಯಾಸಚೂಸೆಟ್ಸ್ ರಾಜ್ಯದ ವಾಟರ್‌ಟೌನ್ ಎಂಬ ಊರಿನಲ್ಲಿ ಅವರ ಮನೆಯ ನೆಲಮಾಳಿಗೆಯಲ್ಲಿ. ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಕುಲುಮೆ ಇರುತ್ತದಲ್ಲ, ಅದರ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ.

ಈ ಸಂಗೀತಕ್ಕೆ ಮೆಲೋಡಿಕ್ ಹಾರ್ಡ್ ರಾಕ್ ಎಂದು ಹೆಸರು. ಗಿಟಾರ್‌ಗೆ ಹಾರ್ಡ್ ರಾಕ್‌ನ ಗಡುಸು ಇರಬೇಕು, ಆದರೆ ಕೇಳಿದವರು ಮನೆಗೆ ಹೋಗುವಾಗ ಗುನುಗಿಕೊಳ್ಳುವಂಥ ರಾಗವೂ ಇರಬೇಕು. ಹೇಳಲು ಸುಲಭ. ಗಡುಸು ಹೆಚ್ಚಿದರೆ ರಾಗ ಮುಚ್ಚಿಹೋಗುತ್ತದೆ, ರಾಗ ಹೆಚ್ಚಿದರೆ ಗಿಟಾರ್ ಸಪ್ಪೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದ ಕೆಲವೇ ಜನರಲ್ಲಿ ಶೋಲ್ಜ್ ಅವರನ್ನು ನಾನು ಮೊದಲ ಸಾಲಿನಲ್ಲಿ ಇಡುತ್ತೇನೆ. ಅವರ ಸಂಗೀತವನ್ನು ಯಂತ್ರದಂತಿದೆ, ತಣ್ಣಗಿದೆ, ಧ್ವನಿಮುದ್ರಿಕೆ ಕಂಪನಿಯವರು ಲೆಕ್ಕ ಹಾಕಿ ತಯಾರಿಸಿದ ಸರಕು ಎಂದು ಎಪ್ಪತ್ತರ ದಶಕದಿಂದಲೂ ವಿಮರ್ಶಕರು ಬೈಯುತ್ತ ಬಂದಿದ್ದಾರೆ. ಆ ಮಾತು ತಪ್ಪು ಎಂದು ನಿಮ್ಮ ಮುಂದೆ ವಾದಿಸಲು ಬಂದಿದ್ದೇನೆ.

ಅವರು ಹುಟ್ಟಿದ್ದು 1947ರ ಮಾರ್ಚ್ 10ರಂದು, ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ. ತಂದೆ ಮನೆ ಕಟ್ಟುವ ಉದ್ಯಮಿ. ಚಿಕ್ಕಂದಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತರು. ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ, 1970ರಲ್ಲಿ ಸ್ನಾತಕೋತ್ತರ ಪದವಿ, ನಂತರ ಪೋಲರಾಯ್ಡ್‌ನಲ್ಲಿ ಉತ್ಪನ್ನ ವಿನ್ಯಾಸದ ಕೆಲಸ. ಗಿಟಾರ್ ಹಿಡಿದಾಗ ಅವರಿಗೆ ಸುಮಾರು ಇಪ್ಪತ್ತೊಂದು ವರ್ಷ. ಈ ಕ್ಷೇತ್ರದಲ್ಲಿ ಅದು ತೀರಾ ತಡ. ಹನ್ನೆರಡು ಹದಿಮೂರಕ್ಕೇ ಗಿಟಾರ್ ಹಿಡಿದು, ಇಪ್ಪತ್ತರ ಹೊತ್ತಿಗೆ ವೇದಿಕೆ ಏರಿದವರೇ ಹೆಚ್ಚು. ತಡವಾಗಿ ಬಂದದ್ದರಿಂದಲೇ ಇರಬೇಕು, ಅವರ ನುಡಿಸಾಣಿಕೆಯಲ್ಲಿ ಬೆರಳಿನ ವೇಗದ ಪ್ರದರ್ಶನ ಕಡಿಮೆ. ಅವರ ಸೋಲೊಗಳನ್ನು ಬಾಯಲ್ಲಿ ಹಾಡಬಹುದು. ಪಿಯಾನೊ ಕಲಿತ ಮನಸ್ಸು ಗಿಟಾರ್ ಮೇಲೆ ಕೂತು ಯೋಚಿಸಿದ ಹಾಗೆ ಇರುತ್ತವೆ ಅವು. ಮೊದಲ ಆಲ್ಬಮ್‌ನಲ್ಲಿರುವ 'ಫೋರ್‌ಪ್ಲೇ' ಎಂಬ ಆರ್ಗನ್ ಪ್ರಧಾನ ರಚನೆ ಅವರು ವಿದ್ಯಾರ್ಥಿಯಾಗಿದ್ದ ಕಾಲದ್ದು. ಕೇಳಿದರೆ ಆ ಪಿಯಾನೊ ಪಾಠಗಳ ನೆನಪು ಅದರಲ್ಲಿ ಎದ್ದು ಕಾಣುತ್ತದೆ.

ಪೋಲರಾಯ್ಡ್‌ನ ಸಂಬಳ ನೆಲಮಾಳಿಗೆಗೆ ಹರಿಯಿತು. ಸ್ಕಲ್ಲಿ ಕಂಪನಿಯ ಹನ್ನೆರಡು ಟ್ರ್ಯಾಕ್‌ಗಳ, ಅಂದರೆ ಹನ್ನೆರಡು ಸದ್ದುಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಲ್ಲ, ಟೇಪ್ ಯಂತ್ರವೊಂದನ್ನು ಕೊಂಡರು. ಉಳಿದ ಸಲಕರಣೆಗಳಲ್ಲಿ ಎಷ್ಟೋ ಅವರೇ ಬೆಸುಗೆ ಹಾಕಿ ಮಾಡಿಕೊಂಡದ್ದು. ಜೊತೆಗೆ ಡ್ರಮ್ ನುಡಿಸುತ್ತಿದ್ದವರು ಜಿಮ್ ಮಸ್ಡೇಯಾ. ಹಾಡುತ್ತಿದ್ದವರು ಬ್ರಾಡ್ ಡೆಲ್ಪ್. ಡೆಲ್ಪ್ ಹಗಲು ಹೊತ್ತು ಕಾರ್ಖಾನೆಯೊಂದರಲ್ಲಿ ಕಾಫಿ ಯಂತ್ರಗಳಿಗೆ ಬೇಕಾದ ಬಿಸಿಸುರುಳಿಗಳನ್ನು ತಯಾರಿಸುತ್ತಿದ್ದರು. ಒಬ್ಬರು ಕ್ಯಾಮೆರಾ ಕಂಪನಿಯಿಂದ, ಇನ್ನೊಬ್ಬರು ಬಿಸಿಸುರುಳಿ ಕಾರ್ಖಾನೆಯಿಂದ ಬಂದು, ಸಂಜೆ ಕುಲುಮೆಯ ಪಕ್ಕ ಕೂತು ಹಾಡು ಕಟ್ಟುತ್ತಿದ್ದರು. ಈ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 'ಕಂಪನಿ ತಯಾರಿಸಿದ ಸರಕು' ಎಂಬ ಬೈಗುಳದ ಮುಂದೆ ನಾನು ಇಡುವ ಮೊದಲ ಸಾಕ್ಷಿ ಇದೇ. ಕಂಪನಿಗಳಿಗೆ ಇವರು ಬೇಕಾಗಿರಲೇ ಇಲ್ಲ. ಕಳಿಸಿದ ಟೇಪುಗಳು ಮತ್ತೆ ಮತ್ತೆ ತಿರಸ್ಕೃತವಾಗಿ ಬಂದವು. ಕೊನೆಗೆ ಒಪ್ಪಂದ ಮಾಡಿಕೊಂಡ ಎಪಿಕ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯೇ ಹಿಂದೊಮ್ಮೆ ಬೇಡವೆಂದಿತ್ತು.

ಒಪ್ಪಂದವಾದ ಮೇಲೆ ನಡೆದದ್ದು ಸ್ವಾರಸ್ಯಕರ ಕತೆ. ಟೇಪಿನ ಹಾಡುಗಳನ್ನು ಸರಿಯಾದ ಸ್ಟುಡಿಯೊದಲ್ಲಿ, ವೃತ್ತಿಪರರ ಕೈಯಲ್ಲಿ ಮತ್ತೆ ಮುದ್ರಿಸಬೇಕು ಎಂಬುದು ಸಂಸ್ಥೆಯ ಅಪೇಕ್ಷೆ. ನೆಲಮಾಳಿಗೆ ಬಿಟ್ಟರೆ ಆ ನಾದ ಬರುವುದಿಲ್ಲ ಎಂಬುದು ಶೋಲ್ಜ್ ಅವರ ಖಚಿತ ನಂಬಿಕೆ. ನಿರ್ಮಾಪಕ ಜಾನ್ ಬಾಯ್ಲನ್ ಒಂದು ಉಪಾಯ ಹೂಡಿದರು. ತಂಡದ ಉಳಿದವರನ್ನು ಲಾಸ್ ಏಂಜಲಿಸ್‌ಗೆ ಕರೆದೊಯ್ದು ಅಲ್ಲಿ ಡೆಲ್ಪ್ ಬರೆದ ಒಂದು ಹಾಡನ್ನು ಮುದ್ರಿಸಿದರು. ಕೆಲಸವೆಲ್ಲ ಅಲ್ಲೇ ನಡೆಯುತ್ತಿದೆ ಎಂದು ಸಂಸ್ಥೆ ನಂಬಿಕೊಂಡಿತ್ತು. ಅದೇ ಹೊತ್ತಿಗೆ ಶೋಲ್ಜ್ ದೇಶದ ಇನ್ನೊಂದು ತುದಿಯಲ್ಲಿ, ತಮ್ಮ ಕೋಣೆಯಲ್ಲಿ, ಒಬ್ಬರೇ ಕೂತು ಒಂದೊಂದೇ ವಾದ್ಯವನ್ನು ತುಂಬುತ್ತಿದ್ದರು. ಆಮೇಲೆ ಸಂಚಾರಿ ಮುದ್ರಣದ ಲಾರಿಯೊಂದು ಮನೆಯ ಮುಂದೆ ಬಂದು ನಿಂತಿತು. ನೆಲಮಾಳಿಗೆಯ ಕಿಟಕಿಯಿಂದ ತಂತಿ ಎಳೆದು, ಟೇಪಿನಲ್ಲಿದ್ದದ್ದನ್ನೆಲ್ಲ ಇಪ್ಪತ್ತನಾಲ್ಕು ಟ್ರ್ಯಾಕ್‌ಗಳ ಯಂತ್ರಕ್ಕೆ ವರ್ಗಾಯಿಸಲಾಯಿತು. ಡೆಲ್ಪ್ ಅವರ ದನಿಯನ್ನು ಲಾಸ್ ಏಂಜಲಿಸ್‌ನಲ್ಲಿ ಸೇರಿಸಿದರು.

ಈ ಉಪಾಯದ ನಡುವೆ ಒಬ್ಬರಿಗೆ ನೋವಾಯಿತು, ಅದನ್ನೂ ಹೇಳಬೇಕು. ಡ್ರಮ್ ನುಡಿಸುವವರನ್ನು ಬದಲಿಸಬೇಕೆಂದು ಒತ್ತಾಯ ಬಂದು, ಮಸ್ಡೇಯಾ ಅವರ ಜಾಗಕ್ಕೆ ಸಿಬ್ ಹಶಿಯನ್ ಬಂದರು. ವರ್ಷಗಟ್ಟಲೆ ಆ ಕೋಣೆಯಲ್ಲಿ ಕೂತಿದ್ದ ಮಸ್ಡೇಯಾ ಅವರ ನುಡಿತ ಮೊದಲ ಆಲ್ಬಮ್‌ನಲ್ಲಿ ಉಳಿದದ್ದು ಒಂದೇ ಹಾಡಿನಲ್ಲಿ.

ಆಲ್ಬಮ್ ಹೊರಬಂದದ್ದು 1976ರ ಆಗಸ್ಟ್ 25ರಂದು. ಅಮೆರಿಕ ಒಂದರಲ್ಲೇ ಅದಕ್ಕೆ 1.7 ಕೋಟಿ ಪ್ರತಿಗಳ ಮಾರಾಟದ ಪ್ರಮಾಣಪತ್ರ ದೊರೆತಿದೆ. ನಾವು ಕೇಳಿದ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಅಂಕಿಗಳನ್ನು ಇಷ್ಟಕ್ಕೇ ಬಿಡುತ್ತೇನೆ. ಅವುಗಳಿಗಿಂತ ಹಾಡಿನ ಒಳಗೆ ಹೋಗುವುದು ನನಗೆ ಮುಖ್ಯ.

ನಮ್ಮಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಈ ಹಾಡಿನ ಗುಟ್ಟು ಬೇರೆಯವರಿಗಿಂತ ಬೇಗ ಹೊಳೆಯಬಹುದು. ಆರಂಭದ ಆ ಹನ್ನೆರಡು ತಂತಿಯ ಭಾಗದಲ್ಲಿ ಆಧಾರ ಸ್ವರ ಡಿ. ಅದನ್ನು ಷಡ್ಜವೆಂದು ಹಿಡಿದರೆ ಬರುವ ಸ್ವರಗಳು ಹರಿಕಾಂಭೋಜಿಯವು: ಅಂತರ ಗಾಂಧಾರ ಇದೆ, ನಿಷಾದ ಕೈಶಿಕಿ. ಪಲ್ಲವಿ ಬಂದಾಗ ಆಧಾರ ಜಿ ಸ್ವರಕ್ಕೆ ಹೋಗುತ್ತದೆ. ಈಗ ಅದನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಸಿಗುತ್ತದೆ. ಒಂದು ಸ್ವರವೂ ಬದಲಾಗಿಲ್ಲ, ಮನೆ ಮಾತ್ರ ಬದಲಾಗಿದೆ. ಶಂಕರಾಭರಣದ ಪಂಚಮವನ್ನು ಷಡ್ಜ ಮಾಡಿಕೊಂಡರೆ ಹರಿಕಾಂಭೋಜಿ ಬರುತ್ತದೆ ಎಂದು ನಮ್ಮ ಮೇಷ್ಟ್ರು ಗ್ರಹಭೇದದ ಪಾಠದಲ್ಲಿ ಹೇಳಿಕೊಡುತ್ತಾರಲ್ಲ, ಅದೇ ಸಂಬಂಧ ಇಲ್ಲಿದೆ. ಶೋಲ್ಜ್ ಅವರಿಗೆ ಗ್ರಹಭೇದ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅವರ ದಾರಿ ಬೇರೆ. ಆದರೆ ಪಲ್ಲವಿ ಬಂದಾಗ ಎದೆ ಹಗುರಾಗಿ, ಎಲ್ಲಿಗೋ ಮರಳಿ ಬಂದೆವು ಎನಿಸುತ್ತದಲ್ಲ, ಅದಕ್ಕೆ ಈ ಮನೆ ಬದಲಾವಣೆಯೇ ಕಾರಣ. ಹಾಡಿನ ವಸ್ತುವೂ ಅದೇ: ಹಳೆಯ ಹಾಡೊಂದು ಕಿವಿಗೆ ಬಿದ್ದಾಗ ಕಳೆದುಹೋದ ಹುಡುಗಿಯೊಬ್ಬಳು ನೆನಪಿಗೆ ಮರಳುವುದು. ರಾಗ ಮಾಡುತ್ತಿರುವುದನ್ನೇ ಮಾತೂ ಹೇಳುತ್ತಿದೆ.

ಎರಡನೆಯ ಸಂಗತಿ, ದನಿ ಗಿಟಾರ್‌ಗೆ ದಾಟುವ ಕ್ಷಣ. ಆ ಹುಡುಗಿ ನಡೆದು ಹೋಗುವುದನ್ನು ಹಾಡುತ್ತ ಡೆಲ್ಪ್ ಅವರ ದನಿ ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತದೆ. ಇನ್ನು ಮನುಷ್ಯನ ಗಂಟಲಿಗೆ ಸಾಧ್ಯವಿಲ್ಲ ಎನ್ನುವ ಎತ್ತರದಲ್ಲಿ ಗಿಟಾರ್ ಅದನ್ನು ಕೈಗೆತ್ತಿಕೊಳ್ಳುತ್ತದೆ. ದನಿ ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. (ಸಭೆಯಲ್ಲಿ ಈ ಭಾಗವನ್ನು ಮೂರು ಸಲ ಕೇಳಿದೆವು. ಮೂರನೆಯ ಸಲಕ್ಕೆ ಹಿಂದಿನ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿಕೊಂಡಿದ್ದರು.)

ಮೂರನೆಯದು, ಜೋಡಿ ಗಿಟಾರ್. ಒಂದು ಗಿಟಾರ್ ಸ ರಿ ಗ ಎಂದು ಸಾಗುವಾಗ ಇನ್ನೊಂದು ಗ ಮ ಪ ಎಂದು ಜೊತೆಗೆ ಸಾಗುವುದು. ನಮ್ಮ ಸಂಗೀತದಲ್ಲಿ ಈ ಪದ್ಧತಿ ಇಲ್ಲದ್ದರಿಂದ ಮೊದಲ ಸಲ ಕೇಳುವವರಿಗೆ ಇದು ಬರಿಯ ಸಿಹಿಯಾಗಿ ತೋರಬಹುದು. ಗಮನವಿಟ್ಟು ಕೇಳಿ. ಒಂದೇ ಸಾಲನ್ನು ಅವರು ಎರಡು ಸಲ ನುಡಿಸಿ ಒಂದರ ಮೇಲೊಂದು ಮುದ್ರಿಸುತ್ತಾರೆ. ಯಾವ ಮನುಷ್ಯನಿಗೂ ಒಂದೇ ಸಾಲನ್ನು ಎರಡು ಸಲ ಕೂದಲೆಳೆಯ ವ್ಯತ್ಯಾಸವಿಲ್ಲದೆ ನುಡಿಸಲು ಬರುವುದಿಲ್ಲ. ಆ ಕೂದಲೆಳೆಯ ವ್ಯತ್ಯಾಸದಿಂದಲೇ ನಾದಕ್ಕೆ ಅಗಲ ಬರುತ್ತದೆ. ಯಂತ್ರ ನಕಲು ಮಾಡಿದ್ದರೆ ಸದ್ದು ಜೋರಾಗುತ್ತಿತ್ತು, ಅಗಲವಾಗುತ್ತಿರಲಿಲ್ಲ. ಇದು ನನ್ನ ಎರಡನೆಯ ಸಾಕ್ಷಿ. ಜನ ಯಂತ್ರದ ನುಣುಪು ಎಂದು ತಿಳಿದದ್ದು, ಒಂದೇ ಸಾಲನ್ನು ಸಾಕೆನಿಸುವವರೆಗೆ ಕೈಯಿಂದಲೇ ನುಡಿಸಿದ ಒಬ್ಬ ಮನುಷ್ಯನ ಹಟ. ಸಿಂಥಸೈಜರ್ ಬಳಸಿಲ್ಲ, ಕಂಪ್ಯೂಟರ್ ಬಳಸಿಲ್ಲ ಎಂದು ತಂಡದ ಆಲ್ಬಮ್ ಹೊದಿಕೆಯ ಮೇಲೆ ಅವರು ಅಚ್ಚು ಹಾಕಿಸಿದ್ದು ಸುಮ್ಮನೆ ಅಲ್ಲ.

ಇಲ್ಲಿ ಎಂಜಿನಿಯರ್ ಶೋಲ್ಜ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅವರ ಸಂಗೀತವನ್ನೂ ಅವರ ಉಪಕರಣಗಳನ್ನೂ ಬೇರೆ ಬೇರೆ ಇಟ್ಟು ಮಾತಾಡಲು ಆಗುವುದಿಲ್ಲ.

ಹಳೆಯ ವಾಲ್ವ್ ರೇಡಿಯೊಗಳು ಇಲ್ಲಿ ಕೆಲವರ ಮನೆಯಲ್ಲಿ ಇದ್ದಿರಬೇಕು. ಗಿಟಾರ್ ಆಂಪ್ಲಿಫಯರ್‌ಗಳಲ್ಲಿಯೂ ಅಂಥ ವಾಲ್ವ್‌ಗಳಿರುತ್ತವೆ. ಅವುಗಳನ್ನು ಅವುಗಳ ಮಿತಿಯವರೆಗೆ ದುಡಿಸಿದಾಗ ಮಾತ್ರ ಗಿಟಾರ್ ಸ್ವರ ಒಡೆದು, ದಪ್ಪವಾಗಿ, ಪಿಟೀಲಿನ ಕಮಾನಿನ ಹಾಗೆ ಉದ್ದಕ್ಕೆ ನಿಲ್ಲುತ್ತದೆ. ತೊಂದರೆ ಏನೆಂದರೆ ಹಾಗೆ ದುಡಿಸಿದರೆ ಸದ್ದು ಕಿವಿ ಒಡೆಯುವಷ್ಟಿರುತ್ತದೆ. ದೊಡ್ಡ ಮೈದಾನದಲ್ಲಿ ಸರಿ, ಅಕ್ಕಪಕ್ಕ ಮನೆಗಳಿರುವ ಬೀದಿಯಲ್ಲಿ ರಾತ್ರಿ ಹತ್ತಕ್ಕೆ ಹೇಗೆ ಸಾಧ್ಯ? ಆಂಪ್ಲಿಫಯರ್‌ಗೂ ಸ್ಪೀಕರ್‌ಗೂ ನಡುವೆ ಕೂತು, ಹೆಚ್ಚಿನ ಶಕ್ತಿಯನ್ನು ಬಿಸಿಯಾಗಿ ಕರಗಿಸಿ, ಉಳಿದ ಸ್ವಲ್ಪವನ್ನಷ್ಟೇ ಸ್ಪೀಕರ್‌ಗೆ ಕಳಿಸುವ ಪೆಟ್ಟಿಗೆಯನ್ನು ಅವರು ಮಾಡಿಕೊಂಡರು. ವಾಲ್ವ್ ಪೂರ್ತಿ ದುಡಿಯುತ್ತದೆ, ಸದ್ದು ಮಾತ್ರ ಸಣ್ಣದಾಗುತ್ತದೆ. 1980ರಲ್ಲಿ ತಮ್ಮದೇ ಸಂಸ್ಥೆ ಆರಂಭಿಸಿ ಇದನ್ನೇ 'ಪವರ್ ಸೋಕ್' ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು.

1982ರಲ್ಲಿ ಬಂದ 'ರಾಕ್‌ಮನ್' ಇನ್ನೂ ದೊಡ್ಡ ಹೆಜ್ಜೆ. ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳಬಹುದಾದ, ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆ. ಗಿಟಾರ್‌ನ ತಂತಿ ಒಂದು ಕಡೆ, ಹೆಡ್‌ಫೋನ್ ಇನ್ನೊಂದು ಕಡೆ. ಬಾಸ್ಟನ್ ತಂಡದ ಆ ದೊಡ್ಡ ನಾದ, ಅದರ ಪ್ರತಿಧ್ವನಿ ಎಲ್ಲವೂ ಒಳಗೇ ಇತ್ತು. ಹೋಟೆಲ್ ಕೋಣೆಯಲ್ಲಿ, ಬಸ್ಸಿನಲ್ಲಿ, ಮಗು ಮಲಗಿರುವ ಮನೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಅಭ್ಯಾಸ ಮಾಡಬಹುದಿತ್ತು. ಅಭ್ಯಾಸಕ್ಕೆಂದು ಬಂದ ಈ ಪೆಟ್ಟಿಗೆ ಸ್ಟುಡಿಯೊಗಳಿಗೂ ನುಗ್ಗಿತು. ಡೆಫ್ ಲೆಪರ್ಡ್ ತಂಡದ 1987ರ 'ಹಿಸ್ಟೀರಿಯಾ' ಆಲ್ಬಮ್‌ನ ಗಿಟಾರ್‌ಗಳಲ್ಲಿ ರಾಕ್‌ಮನ್‌ನ ದೊಡ್ಡ ಪಾಲಿದೆ. ಎಂಬತ್ತರ ದಶಕದ ರಾಕ್ ಹಾಡುಗಳ ಗಿಟಾರ್ ಹೇಗಿರಬೇಕು ಎಂಬುದನ್ನು ಶೋಲ್ಜ್ ಹೀಗೆ ತಾವು ನುಡಿಸದ ಹಾಡುಗಳಲ್ಲಿಯೂ ನಿರ್ಧರಿಸಿದರು. ಇದರಿಂದ ಕೇಡೂ ಆಯಿತು ಎಂಬುದು ನನ್ನ ಅಭಿಪ್ರಾಯ. ಎಲ್ಲರ ಗಿಟಾರ್ ಒಂದೇ ತರಹ ಕೇಳಿಸತೊಡಗಿತು. ಅವರಿಗೆ ಆರು ವರ್ಷದ ಹುಡುಕಾಟದಿಂದ ದಕ್ಕಿದ್ದು ಬೇರೆಯವರಿಗೆ ಗುಂಡಿ ಒತ್ತಿದರೆ ಸಿಗುವಂತಾಯಿತು.

ಇನ್ನು ಅವರ ನಿಧಾನದ ವಿಷಯ. ಎರಡನೆಯ ಆಲ್ಬಮ್ 'ಡೋಂಟ್ ಲುಕ್ ಬ್ಯಾಕ್' 1978ರಲ್ಲಿ ಬಂದು ಪಟ್ಟಿಯ ತುದಿಗೆ ಏರಿತು. ಅದರಲ್ಲಿ ತಮಗೆ ತೃಪ್ತಿಯಿಲ್ಲ, ಸಂಸ್ಥೆಯ ಒತ್ತಡದಿಂದ ಅವಸರದಲ್ಲಿ ಮುಗಿಸಬೇಕಾಯಿತು ಎಂಬುದು ಶೋಲ್ಜ್ ಅವರ ಕೊರಗು. ಮೂರನೆಯದು ಬರಲು ಎಂಟು ವರ್ಷ ಬೇಕಾಯಿತು. ಒಪ್ಪಿಕೊಂಡ ಸಮಯಕ್ಕೆ ಆಲ್ಬಮ್ ಕೊಡಲಿಲ್ಲವೆಂದು ಎಪಿಕ್‌ನ ಮಾತೃಸಂಸ್ಥೆ ಸಿಬಿಎಸ್ 1983ರಲ್ಲಿ ಮೊಕದ್ದಮೆ ಹೂಡಿತು. ವರ್ಷಗಟ್ಟಲೆ ನಡೆದ ಆ ವ್ಯಾಜ್ಯದಲ್ಲಿ ಕೊನೆಗೆ ಗೆದ್ದವರು ಶೋಲ್ಜ್. ಅಷ್ಟರಲ್ಲಿ 1986ರಲ್ಲಿ ಎಂಸಿಎ ಎಂಬ ಇನ್ನೊಂದು ಸಂಸ್ಥೆಯ ಮೂಲಕ 'ಥರ್ಡ್ ಸ್ಟೇಜ್' ಹೊರಬಂದಿತ್ತು. ಅದರ 'ಅಮಾಂಡಾ' ಎಂಬ ಹಾಡು ಅಮೆರಿಕದ ಪಟ್ಟಿಯಲ್ಲಿ 1ನೇ ಸ್ಥಾನ ಪಡೆಯಿತು. ಎಂಟಿವಿ ಆಳುತ್ತಿದ್ದ ಕಾಲದಲ್ಲಿ, ವಿಡಿಯೊ ಒಂದೂ ಇಲ್ಲದೆ, ಮೆಲುದನಿಯ ಪ್ರೇಮಗೀತೆಯೊಂದು ಬರಿಯ ರೇಡಿಯೊದಿಂದ ಅಲ್ಲಿಗೆ ತಲುಪಿತು. ಮುಂದಿನ ಆಲ್ಬಮ್‌ಗಳು 1994, 2002 ಮತ್ತು 2013ರಲ್ಲಿ ಬಂದವು. ಮೂವತ್ತೇಳು ವರ್ಷಗಳಲ್ಲಿ ಆರೇ ಆಲ್ಬಮ್. 1994ರದ್ದು ಮತ್ತು 2002ರದ್ದು ಮೊದಲ ಮೂರರ ಎತ್ತರಕ್ಕೆ ಬರುವುದಿಲ್ಲ. ಅವರನ್ನು ಪ್ರೀತಿಸುವವನಾಗಿಯೇ ಇದನ್ನು ಹೇಳುತ್ತೇನೆ.

ಈ ನಿಧಾನಕ್ಕೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಮೊದಲ ಆಲ್ಬಮ್‌ನ ತಂಡದಲ್ಲಿದ್ದ ಗಿಟಾರ್ ವಾದಕ ಬ್ಯಾರಿ ಗುಡ್ರೋ, ಬೇಸ್ ವಾದಕ ಫ್ರಾನ್ ಶೀಹನ್, ಹಶಿಯನ್ ಒಬ್ಬೊಬ್ಬರಾಗಿ ದೂರವಾದರು. ಮೂರನೆಯ ಆಲ್ಬಮ್ ಬರುವ ಹೊತ್ತಿಗೆ ಆ ಐವರಲ್ಲಿ ತಂಡದಲ್ಲಿ ಉಳಿದಿದ್ದವರು ಶೋಲ್ಜ್ ಮತ್ತು ಡೆಲ್ಪ್ ಮಾತ್ರ. ಆಗಲೇ ಶೋಲ್ಜ್ ತಮ್ಮ ಹಳೆಯ ಗೆಳೆಯ ಮಸ್ಡೇಯಾ ಅವರನ್ನು ಮತ್ತೆ ಡ್ರಮ್ ಮುಂದೆ ಕೂರಿಸಿದರು. ಹತ್ತು ವರ್ಷಗಳ ಹಿಂದಿನ ಋಣವೊಂದನ್ನು ತೀರಿಸಿದ ಹಾಗೆ ನನಗೆ ಅದು ಕಾಣುತ್ತದೆ.

ಮಾತಿನ ನಡುವೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: "ಸರ್, ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಗಿಟಾರ್‌ಗಾಗಿ ಓದು ಬಿಡಬೇಕೆಂದು ಅನಿಸುತ್ತದೆ. ಇವರೂ ಬಿಟ್ಟರಲ್ಲವೇ?"

ಇದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಇನ್ನಷ್ಟು ಸರಿಯಾಗಿ ಬರೆಯುತ್ತೇನೆ. ಇಲ್ಲಪ್ಪ, ಅವರು ಬಿಡಲಿಲ್ಲ. ಮೊದಲ ಆಲ್ಬಮ್ ಮುದ್ರಣವಾಗುವಾಗಲೂ ಪೋಲರಾಯ್ಡ್ ಕೆಲಸದಲ್ಲಿದ್ದರು. ಸಂಗೀತ ತಮ್ಮನ್ನು ಸಾಕುತ್ತದೆ ಎಂಬುದು ಖಚಿತವಾದ ಮೇಲೆ ಹೊರಬಂದರು. ಸಂಬಳ ಇದ್ದದ್ದರಿಂದ ಟೇಪ್ ಯಂತ್ರ ಬಂತು. ಓದು ಇದ್ದದ್ದರಿಂದ ಪವರ್ ಸೋಕ್ ಬಂತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಬಾಡಿಗೆಗಾಗಿ ಹಾಡು ಮುಗಿಸಬೇಕಾದ ಅಗತ್ಯ ಅವರಿಗೆ ಇರಲಿಲ್ಲ. 'ಮೋರ್ ದ್ಯಾನ್ ಎ ಫೀಲಿಂಗ್' ಹಾಡು ಪೂರ್ತಿಯಾಗಲು ಐದು ವರ್ಷ ಹಿಡಿಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಹಸಿದವನು ಐದು ವರ್ಷ ಕಾಯಲಾರ. ನಾನೂ ಪೀಣ್ಯದ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಸಂಜೆ ಮನೆಗೆ ಬಂದು ಗಿಟಾರ್ ಎತ್ತಿಕೊಂಡಾಗ ಕೈಯಲ್ಲಿ ಆಯಾಸ ಇರುತ್ತಿತ್ತು, ಮನಸ್ಸಿನಲ್ಲಿ ಇರುತ್ತಿರಲಿಲ್ಲ. ಆದ್ದರಿಂದ ಈ ಮಾತನ್ನು ಪುಸ್ತಕದಿಂದ ಎತ್ತಿ ಹೇಳುತ್ತಿಲ್ಲ. ಹುಡುಗ ಕೂತ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ, ಆಮೇಲೆ ಹೊರಗೆ ನಿಂತು ರಾಕ್‌ಮನ್ ಒಳಗಿನ ಸರ್ಕ್ಯೂಟ್ ಬಗ್ಗೆ ಅರ್ಧ ಗಂಟೆ ಮಾತಾಡಿದ.

ಮುಂದಿನ ತಲೆಮಾರು ಶೋಲ್ಜ್ ಅವರನ್ನು ಹಳಬರೆಂದು ಬದಿಗಿಟ್ಟಿತು ಎನ್ನುತ್ತಾರೆ. 1992ರಲ್ಲಿ ಇಂಗ್ಲೆಂಡಿನ ರೆಡಿಂಗ್ ಉತ್ಸವದಲ್ಲಿ ಅಮೆರಿಕದ ನಿರ್ವಾಣಾ ತಂಡ ತನ್ನ ಅತ್ಯಂತ ಪ್ರಸಿದ್ಧ ಹಾಡಾದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'ಗೆ ಮುಂಚೆ ನುಡಿಸಿದ್ದು ಇದೇ 'ಮೋರ್ ದ್ಯಾನ್ ಎ ಫೀಲಿಂಗ್' ತುಣುಕನ್ನು. ಎರಡೂ ಹಾಡುಗಳ ಗಿಟಾರ್ ಪಟ್ಟಿನ, ಅಂದರೆ ಮತ್ತೆ ಮತ್ತೆ ಮರಳುವ ಸಣ್ಣ ನುಡಿತದ, ಹೋಲಿಕೆ ಎಲ್ಲರ ಬಾಯಲ್ಲಿತ್ತು, ನಿರ್ವಾಣಾದವರು ಅದನ್ನು ತಮಾಷೆ ಮಾಡುತ್ತಿದ್ದರು. ಆದರೂ ಸಾವಿರಾರು ಹುಡುಗರು ಆ ಪಟ್ಟನ್ನು ಗುರುತಿಸಿ ಕೂಗಿದರು. ನೆಲಮಾಳಿಗೆಯ ಹಾಡು ಹದಿನಾರು ವರ್ಷಗಳ ನಂತರವೂ ಅವರ ಕಿವಿಯಲ್ಲಿ ಇತ್ತು.

ಈಗ ಕಷ್ಟದ ಭಾಗ. ಬ್ರಾಡ್ ಡೆಲ್ಪ್ 2007ರ ಮಾರ್ಚ್ 9ರಂದು, ಐವತ್ತೈದನೆಯ ವಯಸ್ಸಿನಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ತಮ್ಮ ಮನೆಯಲ್ಲಿ ತಾವಾಗಿಯೇ ಜೀವ ಕಳೆದುಕೊಂಡರು. ಮರುದಿನ ಶೋಲ್ಜ್ ಅವರ ಅರವತ್ತನೆಯ ಹುಟ್ಟುಹಬ್ಬ. ಡೆಲ್ಪ್ ಅವರನ್ನು ಬಲ್ಲವರೆಲ್ಲ ಅವರ ಸಜ್ಜನಿಕೆಯನ್ನು ನೆನೆದರು. ಆ ಸಾವಿನ ಕಾರಣಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಬರಹಗಳ ಮೇಲೆ ಶೋಲ್ಜ್ ಮೊಕದ್ದಮೆ ಹೂಡಿದರು. 2015ರಲ್ಲಿ ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯ ಅವರ ವಿರುದ್ಧ ತೀರ್ಪು ಕೊಟ್ಟಿತು. ಒಬ್ಬ ಮನುಷ್ಯ ಯಾಕೆ ಹೊರಟುಹೋದ ಎಂಬುದನ್ನು ಹೊರಗಿನವರು ಹೇಳಬಾರದು ಎಂದು ನಾನು ನಂಬಿದ್ದೇನೆ, ಇಲ್ಲಿಗೇ ನಿಲ್ಲಿಸುತ್ತೇನೆ. ಮುಂದೆ ತಂಡಕ್ಕೆ ಹಾಡಲು ಬಂದವರು ಟಾಮಿ ಡಿಕಾರ್ಲೊ, ಕಟ್ಟಡ ಸಾಮಗ್ರಿಯ ಮಳಿಗೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಅಭಿಮಾನಿ. ಡೆಲ್ಪ್ ನೆನಪಿಗೆಂದು ಅವರು ಬಾಸ್ಟನ್ ಹಾಡುಗಳನ್ನು ಹಾಡಿ ಅಂತರ್ಜಾಲದಲ್ಲಿ ಹಾಕಿದ್ದರು.

2013ರ ಡಿಸೆಂಬರ್‌ನಲ್ಲಿ ಬಂದ 'ಲೈಫ್, ಲವ್ ಆ್ಯಂಡ್ ಹೋಪ್' ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಡೆಲ್ಪ್ ಅವರ ದನಿಯೇ ಇದೆ. ಅವರು ಬದುಕಿದ್ದಾಗ ಮುದ್ರಿಸಿ ಇಟ್ಟದ್ದು. ಬೇರೆಯವರು ವರ್ಷದೊಳಗೆ ಹೊರತಂದುಬಿಡುತ್ತಿದ್ದರೇನೋ. ಶೋಲ್ಜ್ ಆರು ವರ್ಷಕ್ಕೂ ಹೆಚ್ಚು ಕಾಲ ಆ ದನಿಯ ಸುತ್ತ ಗಿಟಾರ್ ನುಡಿಸುತ್ತ, ಅಳಿಸುತ್ತ, ಮತ್ತೆ ನುಡಿಸುತ್ತ ಕೂತರು. ಈಗ ಕೊನೆಯದಾಗಿ ಅದರಲ್ಲೊಂದು ಹಾಡನ್ನು ಕೇಳೋಣ. ಗಿಟಾರ್ ಎಷ್ಟು ಸಲ ದನಿಗೆ ದಾರಿ ಬಿಟ್ಟು ಹಿಂದೆ ಸರಿಯುತ್ತದೆ, ಅದನ್ನು ಮಾತ್ರ ಗಮನಿಸಿ. ದೀಪ ಸ್ವಲ್ಪ ಕಡಿಮೆ ಮಾಡುತ್ತೀರಾ?